ಕೋಲು-ಚೆಂಡಿನ ಐರಿಷ್ ಆಟವಾದ ಹರ್ಲಿಂಗ್‌ನ ಆಟಗಾರ ಹೆನ್ರಿ ಶೆಫ್ಲಿನ್ ಅವರನ್ನು ಅಷ್ಟು ದೊಡ್ಡವರೆಂದು ಏಕೆ ಎಣಿಸುತ್ತಾರೆ?

ಹತ್ತು ಪದಕಗಳೇ ಮೊದಲ ಕಾರಣ. ಐರ್ಲೆಂಡಿನ ಕಿಲ್ಕೆನ್ನಿ ಕೌಂಟಿಯ ಪರ 1999ರಿಂದ 2014ರವರೆಗೆ ಆಡಿದ ಶೆಫ್ಲಿನ್, ಹತ್ತು ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಹರ್ಲಿಂಗ್ ಆಟಗಾರ. ಜೊತೆಗೆ 11 ಆಲ್ ಸ್ಟಾರ್ ಗೌರವ (ವರ್ಷದ ಅತ್ಯುತ್ತಮ ತಂಡದಲ್ಲಿ ಸ್ಥಾನ), ಮೂರು ಬಾರಿ ವರ್ಷದ ಆಟಗಾರ. ಇದು ಹವ್ಯಾಸಿ ಆಟ, ಸಂಬಳವಿಲ್ಲ ಎಂಬುದನ್ನು ಮರೆಯಬೇಡಿ.

ನನಗೆ ಹೆಚ್ಚು ಹಿಡಿಸುವುದು ಅವರ ಹಟ ಮತ್ತು ಲೆಕ್ಕಾಚಾರ. 2007ರ ಫೈನಲ್‌ನಲ್ಲಿ ಮಂಡಿಯ ಅಸ್ಥಿರಜ್ಜು ಹರಿಯಿತು. 2010ರಲ್ಲಿ ಮತ್ತೆ ಅದೇ ಪೆಟ್ಟು. ಆದರೂ ಟಿಪ್ಪರೇರಿ ವಿರುದ್ಧದ ಫೈನಲ್‌ಗೆ ಇಳಿದರು, ಸ್ವಲ್ಪ ಹೊತ್ತಿನಲ್ಲೇ ಹೊರನಡೆಯಬೇಕಾಯಿತು. 2012ರ ಫೈನಲ್‌ನ ಕೊನೆಗಳಿಗೆಯಲ್ಲಿ ಗಾಲ್ವೇ ವಿರುದ್ಧ ಸ್ಕೋರ್ ಸಮವಾಗಿದ್ದಾಗ ಪೆನಾಲ್ಟಿ ಸಿಕ್ಕಿತು. ಗೋಲಿಗೆ ಮೂರು ಅಂಕ, ಗೋಲಿನ ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಒಂದೇ. ಅವರು ಒಂದನ್ನೇ ಆರಿಸಿಕೊಂಡರು. ಗಾಲ್ವೇ ಮತ್ತೆ ಸಮ ಮಾಡಿತು, ಟೀಕೆಯೂ ಬಂತು. ಮರುಪಂದ್ಯ ಕಿಲ್ಕೆನ್ನಿ ಪಾಲಾಯಿತು.

ಕೊನೆಯ ಪದಕದ 2014ರಲ್ಲಿ ಅವರು ಬದಲಿ ಆಟಗಾರ. ಮುಂದಿನ ಮಾರ್ಚ್‌ನಲ್ಲಿ ತಮ್ಮ ಊರಿನ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಜೊತೆ ಮೂರನೆಯ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದು, ಕೌಂಟಿ ಹರ್ಲಿಂಗ್‌ಗೆ ವಿದಾಯ ಹೇಳಿದರು.