ಹಳೆ ಕಾರಿಗೆ ಕ್ಸೆನಾನ್ ದೀಪ ಹಾಕಿಸಬಹುದೇ?

ಪ್ರಶ್ನೆ: ನನ್ನದು 2005ರ ಮಾರುತಿ 800. ತೋಟದ ಕೆಲಸ ಮುಗಿಸಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೋಗುವಾಗ ಎಷ್ಟೋ ಸಲ ರಾತ್ರಿಯಾಗುತ್ತದೆ. ಮಳೆಗಾಲದಲ್ಲಂತೂ ಮುಂದಿನ ತಿರುವೇ ಕಾಣುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 35 ವಾಟಿನ ಎಚ್‌ಐಡಿ ಕ್ಸೆನಾನ್ ಕಿಟ್ ಸಿಗುತ್ತದೆ, ಇರುವ ಡೋಮಿಗೇ (ಹೆಡ್‌ಲೈಟಿನ ಗೂಡಿಗೇ) ಕೂರುತ್ತದೆ, ಕರೆಂಟೂ ಕಡಿಮೆ ಸಾಕು ಎನ್ನುತ್ತಾರೆ. ಹಾಕಿಸಲೇ? ಪೊಲೀಸರ ಕಾಟ ಇರುತ್ತದೆಯೇ? ಗಾಡಿಯ ಎಫ್.ಸಿ. (ಫಿಟ್‌ನೆಸ್ ತಪಾಸಣೆ) ಬೇರೆ ಹತ್ತಿರ ಬರುತ್ತಿದೆ.
— ಓದುಗರು, ಮೂಡಿಗೆರೆ

ಉತ್ತರ: ಹಾಕಿಸಬೇಡಿ. ನಿಮಗೆ ಕತ್ತಲಲ್ಲಿ ರಸ್ತೆ ಕಾಣುತ್ತಿಲ್ಲ ಎನ್ನುವುದು ನಿಜವಾದ ತೊಂದರೆ, ಅದಕ್ಕೆ ಪರಿಹಾರವೂ ಇದೆ. ಆದರೆ ಅದು ಈ ಕಿಟ್ ಅಲ್ಲ.

ನಿಮ್ಮ ಕಾರಿನ ಡೋಮು ಎಚ್4 ಎಂಬ ಹ್ಯಾಲೊಜೆನ್ ಬಲ್ಬಿಗೆಂದೇ ಮಾಡಿದ್ದು. ಆ ಬಲ್ಬನ್ನು ಒಮ್ಮೆ ಬಿಚ್ಚಿ ನೋಡಿ. ಗಾಜು ಮಾತ್ರ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದರೆ ಬೇಗ ಸುಟ್ಟುಹೋಗುತ್ತದೆ. ಒಳಗೆ ಎರಡು ಫಿಲಮೆಂಟ್ ಇವೆ. ಮುಂದಿರುವುದು ಡಿಪ್ಪಿಗೆ, 55 ವಾಟ್. ಹಿಂದಿರುವುದು ಹೈ ಬೀಮಿಗೆ, 60 ವಾಟ್. ಡಿಪ್ಪಿನ ಫಿಲಮೆಂಟಿನ ಅಡಿಯಲ್ಲಿ ಒಂದು ಸಣ್ಣ ತಗಡಿನ ಮರೆ ಕಾಣುತ್ತದೆ. ಇಡೀ ಕೆಲಸ ಅದರದ್ದೇ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ; ರಿಫ್ಲೆಕ್ಟರಿನ ಮೇಲರ್ಧಕ್ಕೆ ಬಿದ್ದ ಬೆಳಕಷ್ಟೇ ತಿರುಗಿ ರಸ್ತೆಯ ಮೇಲೆ ಬೀಳುತ್ತದೆ. ಗೋಡೆಗೆ ಬೆಳಕು ಬಿಟ್ಟರೆ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಒಂದು ಗೆರೆ. ಎಡಗಡೆಯ ರಸ್ತೆಯಂಚು ದೂರದವರೆಗೆ ಕಾಣಲೆಂದು ಆ ಗೆರೆ ಎಡಕ್ಕೆ 15 ಡಿಗ್ರಿಯಷ್ಟು ಏರುತ್ತದೆ. ಫಿಲಮೆಂಟ್ ಒಂದು ಮಿಲಿಮೀಟರ್ ಆಚೀಚೆ ಆದರೂ ಈ ಲೆಕ್ಕ ಕೆಡುತ್ತದೆ.

ಕ್ಸೆನಾನ್ ಬಲ್ಬಿನಲ್ಲಿ ಫಿಲಮೆಂಟೇ ಇಲ್ಲ. ವೋಲ್ಟೇಜ್ ಏರಿಸುವ ಬ್ಯಾಲಸ್ಟ್ ಡಬ್ಬಿಯಿಂದ 20 ಸಾವಿರಕ್ಕೂ ಹೆಚ್ಚು ವೋಲ್ಟಿನ ಹೊಡೆತ ಬಿದ್ದು ಅನಿಲದಲ್ಲಿ ಕಿಡಿ ಹೊತ್ತಿಕೊಳ್ಳುತ್ತದೆ. ಎಚ್4ರ ಡಿಪ್ಪಿನಲ್ಲಿ ಸುಮಾರು 1,000 ಲ್ಯೂಮೆನ್ ಬೆಳಕು. ಕಾರ್ಖಾನೆಯಿಂದಲೇ ಬರುವ 35 ವಾಟಿನ ಕ್ಸೆನಾನಿನಲ್ಲಿ 3,200ರ ಆಸುಪಾಸು. ಅಷ್ಟು ಬೆಳಕು, ಬೇರೆ ಆಕಾರದ ಕಿಡಿಯಿಂದ, ಹ್ಯಾಲೊಜೆನ್‌ಗೆಂದು ಕಡೆದ ರಿಫ್ಲೆಕ್ಟರಿಗೆ ಬಿದ್ದರೆ ಆ ಗೆರೆ ಉಳಿಯುವುದಿಲ್ಲ. ಬೆಳಕು ಬೇಕಾದಲ್ಲಿ ಮಾತ್ರವಲ್ಲ, ಎಲ್ಲ ಕಡೆ ಚೆಲ್ಲುತ್ತದೆ. ಬಂಪರಿನ ಮುಂದಿನ ಡಾಂಬರು ಬೆಳ್ಳಗೆ ಹೊಳೆಯುವುದರಿಂದ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ತಿರುವು ಇನ್ನಷ್ಟು ಕಪ್ಪಾಗುತ್ತದೆ. ಮಂಜಿನಲ್ಲಾದರೆ ಮೇಲಕ್ಕೆ ಚೆಲ್ಲಿದ ಬೆಳಕೆಲ್ಲ ನಿಮ್ಮ ಕಣ್ಣಿಗೇ ವಾಪಸ್. ಅಂದರೆ ಚಾರ್ಮಾಡಿಯಲ್ಲಿ ನೀವು ಬಯಸಿದ್ದಕ್ಕೆ ತದ್ವಿರುದ್ಧ.

ಈಗ ಕಾನೂನು. ‘ಆರ್.ಸಿ.ಯಲ್ಲಿ ಹೆಡ್‌ಲೈಟಿನ ಮಾತೇ ಇಲ್ಲ, ಏನೂ ಆಗಲ್ಲ’ ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್.ಸಿ. ವಿವರಗಳ ಬಗ್ಗೆ ಹೇಳುತ್ತದೆ, ಸರಿ. ಆದರೆ 2019ರ ತಿದ್ದುಪಡಿಯಲ್ಲಿ ಬಂದ 182ಎ (4) ನೇರವಾಗಿ ಮಾಲೀಕನಿಗೇ ಅನ್ವಯಿಸುತ್ತದೆ: ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ಗಾಡಿ ಮಾರ್ಪಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದರ ಜೊತೆಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದೆ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ ಅದು. ಆ ಅಳತೆಯನ್ನು ನಿಮ್ಮ ಅಂಗಳದಲ್ಲೇ ಗುರುತು ಹಾಕಿ ನಿಂತು ನೋಡಿ. ಎದುರಿನಿಂದ ಬೈಕಿನಲ್ಲಿ ಬರುವವನ ಕಣ್ಣು ಸರಿಸುಮಾರು ಅಲ್ಲೇ ಇರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ ಇರುವ ರಸ್ತೆಯಲ್ಲಿ ಎರಡು ಕ್ಷಣ ಕಣ್ಣು ಕಾಣದಿದ್ದರೆ ಅವನ ಗತಿ ಏನು? ನಾನು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿ ಮಾತಾಡುವುದು ದಂಡಕ್ಕಿಂತ ಹೆಚ್ಚಾಗಿ ಅವನಿಗಾಗಿ.

ಪೊಲೀಸರ ವಿಷಯ ಕೇಳಿದ್ದೀರಿ. 2024ರ ಜುಲೈನಿಂದ ನಮ್ಮ ರಾಜ್ಯದಲ್ಲಿ ಕಣ್ಣು ಕುಕ್ಕುವ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯೇ ನಡೆಯಿತು, ಸಾವಿರಾರು ಕೇಸು ಬಿದ್ದವು. ಎಫ್.ಸಿ.ಗೆ ಹೋದಾಗ ಇನ್‌ಸ್ಪೆಕ್ಟರ್ ಕಣ್ಣಿಗೆ ಬ್ಯಾಲಸ್ಟ್ ಡಬ್ಬಿ ಬಿದ್ದರೆ ಬಿಚ್ಚಿಸಿ ವಾಪಸ್ ಕಳಿಸಬಹುದು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಈ ತಪಾಸಣೆ ತಪ್ಪದು.

ಹಾಗಾದರೆ ಏನು ಮಾಡಬೇಕು? ಹಾಸನದ ನನ್ನ ಅಂಗಡಿಗೆ ಮಲೆನಾಡಿನ ಕಡೆಯಿಂದ ಬರುವ ಹಳೆ 800, ಓಮ್ನಿ, ಜೀಪುಗಳಲ್ಲಿ ‘ಲೈಟ್ ಮಂದ’ ಎಂಬ ದೂರು ಬಂದರೆ ನಾನು ಬಲ್ಬನ್ನು ಮುಟ್ಟುವ ಮೊದಲು ಮೀಟರ್ ಹಿಡಿಯುತ್ತೇನೆ. ನೀವೂ ಎಲೆಕ್ಟ್ರಿಷಿಯನ್ ಹತ್ತಿರ ಹಾಗೇ ಕೇಳಿ. ಎಂಜಿನ್ ಓಡುತ್ತಿರಲಿ, ಡಿಪ್ ಹಾಕಿರಲಿ. ಮೊದಲು ಬ್ಯಾಟರಿ ಮೇಲೆ, ಆಮೇಲೆ ಬಲ್ಬಿನ ಹೋಲ್ಡರ್ ಹಿಂದೆ ವೋಲ್ಟೇಜ್ ಅಳೆಯಲಿ. ಬ್ಯಾಟರಿಯಲ್ಲಿ 14ರ ಹತ್ತಿರ ಇದ್ದು ಹೋಲ್ಡರಿನಲ್ಲಿ 12 ಕೂಡ ಇಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚಿನೊಳಗೆ ಹಾದು, ಸಣ್ಣ ವೈರುಗಳಲ್ಲಿ ಸುತ್ತಿ ಬಲ್ಬಿಗೆ ಬರುತ್ತದೆ. ಕಾಂಟ್ಯಾಕ್ಟ್ ಸವೆದಿರುತ್ತದೆ, ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿರುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜೆನ್ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ನೀವು ಕಳೆದುಕೊಂಡಿರುವ ಬೆಳಕು ಬಹುಶಃ ಇಲ್ಲೇ ಇದೆ.

ಡಿಪ್ಪಿಗೆ ಒಂದು, ಹೈ ಬೀಮಿಗೆ ಒಂದು ರಿಲೇ ಹಾಕಿಸಿ; ಸಣ್ಣ ಸಿಗ್ನಲ್ ಬಂದಾಗ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು ಅದು. ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೆ ವೈರು ಇನ್ನು ಮುಂದೆ 85, 86ನೇ ಪಿನ್ನುಗಳಿಗೆ ಸಿಗ್ನಲ್ ಕೊಟ್ಟರೆ ಸಾಕು, ಸ್ವಿಚ್ಚಿನ ಮೇಲಿನ ಹೊರೆ ತಪ್ಪುತ್ತದೆ. ಅರ್ತ್ ವೈರುಗಳನ್ನೂ ಹೊಸದಾಗಿ, ಬಣ್ಣ ಕೆರೆದ ಬಾಡಿಗೆ ಬಿಗಿಸಬೇಕು. ಎಷ್ಟೋ ಕಡೆ ಇದನ್ನು ಬಿಟ್ಟು ಕೆಲಸ ಮುಗಿಸುತ್ತಾರೆ. ಒಂದು ಎಚ್ಚರ: ಜಪಾನಿ ಮೂಲದ ಕೆಲವು ಗಾಡಿಗಳಲ್ಲಿ ಸ್ವಿಚ್ಚು ಅರ್ತ್ ಕಡೆ ಇರುತ್ತದೆ, ಟೆಸ್ಟ್ ಲ್ಯಾಂಪ್ ಹಿಡಿದು ಖಚಿತ ಮಾಡಿಕೊಂಡೇ ವೈರು ಕತ್ತರಿಸಬೇಕು.

ರಿಫ್ಲೆಕ್ಟರಿನ ಹೊಳಪು ಹೋಗಿದ್ದರೆ ಡೋಮೇ ಬದಲಿಸಿ. ಹಳೆಯದನ್ನು ಉಳಿಸಿಕೊಂಡು ಜೋರು ಬಲ್ಬು ಹಾಕುವುದು ವ್ಯರ್ಥ. ಕೊನೆಗೆ ಬೀಮ್ ಸೆಟ್ಟಿಂಗ್. ಟೈರ್ ಗಾಳಿ ಸರಿಯಿರಲಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಡಿಪ್ಪಿನ ಗೆರೆ ಬಲ್ಬಿನ ಎತ್ತರಕ್ಕಿಂತ 5–6 ಸೆಂಟಿಮೀಟರ್ ಕೆಳಗೆ ಬೀಳಬೇಕು. ನೀವು ಡಿಕ್ಕಿಯಲ್ಲಿ ಕಾಫಿ, ಮೆಣಸಿನ ಮೂಟೆ ಹೇರುವವರಾದರೆ ಹಿಂಭಾಗ ಕುಸಿದು ಮೂತಿ ಏಳುತ್ತದೆ. ಹೇರಿಕೊಂಡೇ ಸೆಟ್ ಮಾಡಿಸಿ.

ಮಂಜಿಗೆ ಬಂಪರಿನ ತಳದಲ್ಲಿ ಒಂದು ಜೊತೆ ಫಾಗ್ ಲ್ಯಾಂಪ್ ಒಳ್ಳೆಯದು, ಅದಕ್ಕೂ ಬೇರೆ ರಿಲೇ ಬೇಕು. ಹಳದಿಯೋ ಬಿಳಿಯೋ ಎಂಬ ಚರ್ಚೆಗಿಂತ ದೀಪ ತಗ್ಗಿನಲ್ಲಿರುವುದು, ಮೇಲಕ್ಕೆ ಚೆಲ್ಲದಿರುವುದು ಮುಖ್ಯ. ಮಂಜು ಕಳೆದ ಕೂಡಲೇ ಆರಿಸಿಬಿಡಿ.

ಪ್ರಶ್ನೆ: ನನ್ನ ಹಳೆ ಓಮ್ನಿಗೆ 100/90 ವಾಟಿನ ಬಲ್ಬು ಹಾಕಿಸಿದೆ. ತಿಂಗಳೊಳಗೆ ಹೋಲ್ಡರ್ ಕರಗಿ ವಾಸನೆ ಬಂತು. ಸೆರಾಮಿಕ್ ಹೋಲ್ಡರ್ ಹಾಕಿದರೆ ಸರಿಹೋಗುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹೋಲ್ಡರ್ ಕರಗುವುದು ನಿಲ್ಲಬಹುದು, ತೊಂದರೆ ಹಿಂದಕ್ಕೆ ಸರಿಯುತ್ತದೆ ಅಷ್ಟೆ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 100 ವಾಟಿನದು 8ಕ್ಕೂ ಹೆಚ್ಚು ಎಳೆಯುತ್ತದೆ. ಎರಡೂ ಬಲ್ಬು ಸೇರಿದರೆ 16 ದಾಟಿತು. ಆ ಬಿಸಿ ಇನ್ನು ಸ್ವಿಚ್ಚಿನಲ್ಲಿ, ವೈರಿನ ಜೋಡಣೆಗಳಲ್ಲಿ ಕೂರುತ್ತದೆ, ರಿಫ್ಲೆಕ್ಟರಿನ ಲೇಪನವನ್ನೂ ಸುಡುತ್ತದೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಅಡಿಯಲ್ಲೇ ಇರುವುದರಿಂದ ವೈರು ಸುಡುವ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇವತ್ತೇ 60/55ಕ್ಕೆ ಮರಳಿ, ಕರಗಿದ ಹೋಲ್ಡರ್ ಜೊತೆ ಅದರ ಹಿಂದಿನ ಕಪ್ಪಾದ ವೈರನ್ನೂ ಕತ್ತರಿಸಿ ಹೊಸದು ಹಾಕಿಸಿ. ಮೂಡಿಗೆರೆಯವರಿಗೆ ಹೇಳಿದ ರಿಲೇ ಕೆಲಸ ನಿಮ್ಮ ಗಾಡಿಗೂ ಹೊಂದುತ್ತದೆ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿಂದ ಒಳ್ಳೆಯ ಕ್ಸೆನಾನ್ ಕಿಟ್ ತರಲೇ ಅಪ್ಪಾ ಎನ್ನುತ್ತಿದ್ದಾಳೆ. ಅಲ್ಲಿಯ ಮಾಲಾದರೆ ಆಗಬಹುದಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಅಲ್ಲಿಯೂ ಹ್ಯಾಲೊಜೆನ್ ಡೋಮಿಗೆ ಎಚ್‌ಐಡಿ ಬಲ್ಬು ಹಾಕಿದ ಕಾರನ್ನು ಎಂಓಟಿ ಎಂಬ ವಾರ್ಷಿಕ ತಪಾಸಣೆಯಲ್ಲಿ ಫೇಲ್ ಮಾಡುತ್ತಾರೆ. ಯುರೋಪಿನ ನಿಯಮಗಳಂತೆ 2,000 ಲ್ಯೂಮೆನ್ ಮೀರಿದ ಡಿಪ್ ದೀಪಕ್ಕೆ ಹೊರೆಗೆ ತಕ್ಕಂತೆ ಬೀಮನ್ನು ತಾನೇ ಇಳಿಸುವ ವ್ಯವಸ್ಥೆ, ಗಾಜು ತೊಳೆಯುವ ವಾಷರ್ ಎರಡೂ ಬೇಕು. ಕಾರ್ಖಾನೆಯಿಂದ ಕ್ಸೆನಾನ್ ಸಮೇತ ಬಂದ ಕಾರುಗಳಲ್ಲಿ ಅವು ಇರುತ್ತವೆ, ಕಿಟ್ಟಿನ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಮಗಳಿಗೆ ಏನಾದರೂ ತರಲು ಆಸೆಯಿದ್ದರೆ, ನಿಮ್ಮ ಕಾರು ಎಚ್4 ಬಳಸುವುದಾದರೆ, 60/55 ವಾಟಿನದೇ ಉತ್ತಮ ದರ್ಜೆಯ ಒಂದು ಜೊತೆ ಬಲ್ಬು ತರಲು ಹೇಳಿ. ಬುಡದಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುವ ಗುರುತು ನೋಡಿಕೊಳ್ಳಲಿ. ನೀಲಿ ಲೇಪನದ್ದು ಬೇಡ, ಆ ಬಣ್ಣ ಬೆಳಕನ್ನೇ ತಿನ್ನುತ್ತದೆ. ಹೆಚ್ಚು ಬೆಳಕು ಕೊಡುವ ಬಲ್ಬುಗಳ ಆಯುಸ್ಸು ಸಾಮಾನ್ಯ ಬಲ್ಬಿಗಿಂತ ಕಡಿಮೆ, ಹಾಗಾಗಿ ಹಳೆ ಜೊತೆಯನ್ನು ಎಸೆಯದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿರಿ.