ಕಾರ್ಡೋಬಾ ಮಸೀದಿಯಲ್ಲಿ ಹಳೆಯದು ಏನು ಉಳಿದಿದೆ?

ನಮಸ್ಕಾರ. ಸ್ಪೇನಿನ ಕಾರ್ಡೋಬಾ ಮಸೀದಿಯನ್ನು ಚರ್ಚ್ ಮಾಡುವಾಗ ಪೂರ್ತಿ ಕೆಡವಿದರಾ, ಈಗ ಹೋದರೆ ನೋಡಲು ಏನು ಸಿಗುತ್ತದೆ ಅಂತ ಕೇಳಿದ್ದೀರಿ.

ಪೂರ್ತಿ ಕೆಡವಲಿಲ್ಲ. ಬಹುಪಾಲು ಹಾಗೇ ಇದೆ. 1236ರಲ್ಲಿ ಕ್ರೈಸ್ತ ದೊರೆ ಮೂರನೇ ಫರ್ಡಿನಾಂಡ್ ಊರನ್ನು ಮುಸ್ಲಿಮರಿಂದ ಗೆದ್ದಾಗ ಇದೇ ಕಟ್ಟಡವನ್ನು ಚರ್ಚ್ ಮಾಡಿಕೊಂಡರು. ಸುಮಾರು ಮುನ್ನೂರು ವರ್ಷ ದೊಡ್ಡ ಬದಲಾವಣೆ ಆಗಲಿಲ್ಲ. ಊರಿನ ಬಿಷಪ್ ನಡುಭಾಗ ಒಡೆದು ಎತ್ತರದ ಕ್ಯಾಥೆಡ್ರಲ್ (ಬಿಷಪ್‌ನ ಮುಖ್ಯ ಚರ್ಚ್) ಕಟ್ಟಲು ಹೊರಟಿದ್ದು 1523ರಲ್ಲಿ. ಆಗ ಅಡ್ಡ ನಿಂತಿದ್ದು ಊರಿನ ಕ್ರೈಸ್ತ ನಗರಸಭೆಯೇ! ಕೆಡವುವ ಕೆಲಸಕ್ಕೆ ಕೈ ಹಾಕಿದವರಿಗೆ ಮರಣದಂಡನೆ ಅಂತ ಸಾರಿತ್ತು. ಕೊನೆಗೆ ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತ, ಕೆಲಸ ನಡೆಯಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಆ ಊರಿನವರ ಹಟ.

ಒಳಗೆ ಹೋದರೆ ಮೊದಲು ಕಂಬಗಳನ್ನು ನೋಡಿ. 850ಕ್ಕೂ ಜಾಸ್ತಿ ಇವೆ. ಮೊದಲ ಭಾಗದವು ಹಳೇ ರೋಮನ್ ಕಟ್ಟಡಗಳಿಂದ, ಮುಸ್ಲಿಮರಿಗಿಂತ ಮುಂಚೆ ಸ್ಪೇನ್ ಆಳಿದ ವಿಸಿಗಾತರ ಕಟ್ಟಡಗಳಿಂದ ತಂದವು. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ತಲೆಯ ಕೆತ್ತನೆಯೂ ಬೇರೆ ಬೇರೆ. ಗಿಡ್ಡ ಕಂಬಗಳಾದ್ದರಿಂದ ಚಾವಣಿ ಎತ್ತರಿಸಲು ಒಂದರ ಮೇಲೊಂದು ಎರಡು ಕಮಾನು ಕಟ್ಟಿದ್ದಾರೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು. ಆ ಜೋಡಿ ಕಮಾನುಗಳು ಸುಮ್ನೆ ಅಂದಕ್ಕೆ ಅಲ್ಲ ಅಂತ ಗೊತ್ತಾದ ಮೇಲೆ ನೋಡುವ ಕಣ್ಣೇ ಬೇರೆ ಆಗುತ್ತದೆ, ಅಲ್ವಾ?

ಮಿಹ್ರಾಬ್ (ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಯ ಗೂಡು) ಕೂಡ ಉಳಿದಿದೆ, ಚಿನ್ನದ ಬಣ್ಣದ ಮೊಸಾಯಿಕ್ ಸಮೇತ. ಆತುರ ಮಾಡದೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊರಗೆ ಬಂದಾಗ ಗಂಟೆ ಗೋಪುರ ನೋಡಿ, ಹಳೇ ಮಿನಾರು ಅದರ ಹೊಟ್ಟೆಯೊಳಗೇ ಇದೆ.