ಆಳದ ಕಲ್ಲಿಗೆ ನೀರು ಸೇರಿದ್ರೆ ಮೆತ್ತಗಾಗುತ್ತಾ?

ಪ್ರಶ್ನೆ: ಭೂಮಿ ಒಳಗೆ 600 ಕಿ.ಮೀ. ಆಳದಲ್ಲಿ ಸಮುದ್ರದಷ್ಟು ನೀರಿರಬಹುದು ಅಂತ ಎಲ್ಲೋ ಓದಿದೆ. ಅಷ್ಟು ಒತ್ತಡದಲ್ಲಿರೋ ಕಲ್ಲಿಗೆ ನೀರು ಸೇರಿದ್ರೆ ಅದೂ ಮಣ್ಣಿನ ತರ ಮೆತ್ತಗಾಗುತ್ತಾ? ಮೇಲಿರೋ ನಮಗೆ ಅದು ಹೇಗೆ ಗೊತ್ತಾಗುತ್ತೆ?

ಉತ್ತರ: ಮೊದಲು ಆ ಸಮುದ್ರಾನ ತಲೆಯಿಂದ ತೆಗೆದುಬಿಡಿ, ಪೇಪರ್‌ನವರು ಹೆಡ್ಡಿಂಗಿಗೆ ಅಂತ ಬರೀತಾರೆ ಅಷ್ಟೆ. ಅಲ್ಲಿರೋದು ಕೆರೆ ತರ ನಿಂತ ನೀರಲ್ಲ, ಹರಳಿನ ಒಳಗೇ ಆಕ್ಸಿಜನ್‌ಗೆ ಅಂಟಿಕೊಂಡು ಕೂತ ಹೈಡ್ರೋಜನ್. 410ರಿಂದ 660 ಕಿ.ಮೀ. ನಡುವೆ ವಾಡ್ಸ್‌ಲಿಯೈಟ್, ರಿಂಗ್‌ವುಡೈಟ್ ಅಂತ ಎರಡು ಖನಿಜ ಇವೆ, ಇವು ತಮ್ಮ ತೂಕದ 2 ಪರ್ಸೆಂಟ್‌ಗಿಂತ ಜಾಸ್ತಿ ನೀರನ್ನ ಹೀಗೆ ಒಳಗೆ ಇಟ್ಕೋಬಲ್ಲವು.

ಹೈಡ್ರೋಜನ್ ಸುಮ್ನೆ ಬಂದು ಕೂರಲ್ಲ. ಹೆಚ್ಚಾಗಿ ಎರಡು ಹೈಡ್ರೋಜನ್ ಬಂದ್ರೆ ಒಂದು ಮೆಗ್ನೀಸಿಯಂ ಜಾಗ ಬಿಡಬೇಕು, ದೊಡ್ಡವರೊಬ್ಬರು ಎದ್ದು ಹೋದ ಸೀಟಲ್ಲಿ ಎರಡು ಪುಟ್ಟ ಮಕ್ಕಳು ಕೂತ ಹಾಗೆ. ಸುತ್ತಲಿನ ಆಕ್ಸಿಜನ್‌ಗಳನ್ನ ಬಿಗಿಯಾಗಿ ಹಿಡಿದಿದ್ದದ್ದೇ ಆ ಮೆಗ್ನೀಸಿಯಂ, ಅದು ಹೋದ ಕಡೆ ಹರಳು ಒತ್ತಿದ್ರೆ ಸುಲಭವಾಗಿ ಕುಗ್ಗುತ್ತೆ. ಅಂದ್ರೆ ಮೆತ್ತಗಾಗೋದು ನೆನೆದಿದ್ದಕ್ಕಲ್ಲ, ತೂತು ಬಿದ್ದಿದ್ದಕ್ಕೆ. ಒಣ ರಿಂಗ್‌ವುಡೈಟ್ ಕುಗ್ಗೋಕೆ ಒಡ್ಡೋ ಪ್ರತಿರೋಧ ಸುಮಾರು 185 ಗಿಗಾಪಾಸ್ಕಲ್ (ಒತ್ತಡ ಅಳೆಯೋ ಮಾನ), 2 ಪರ್ಸೆಂಟ್ ಚಿಲ್ಲರೆ ನೀರು ಸೇರಿದ್ರೆ ಅದು ಹತ್ತು ಪರ್ಸೆಂಟ್ ಆಸುಪಾಸು ಇಳಿಯುತ್ತೆ. ಆದ್ರೂ ಕಲ್ಲು ಕಲ್ಲೇ, ಮಣ್ಣಾಗಲ್ಲ.

ನಮಗೆ ಗೊತ್ತಾಗೋದು ಭೂಕಂಪದ ಅಲೆಗಳಿಂದ. ಬಿಗಿ ಕಮ್ಮಿಯಾದ್ರೆ ಅಲೆ ನಿಧಾನ ಆಗುತ್ತೆ. ಇಲ್ಲೊಂದು ತಮಾಷೆ ಇದೆ, ನೀರು ಸೇರಿದ್ರೆ ಸಾಂದ್ರತೆನೂ ಇಳಿಯುತ್ತೆ, ಬರೀ ಅದೊಂದೇ ಆಗಿದ್ರೆ ಅಲೆ ಇನ್ನೂ ಜೋರಾಗಿ ಓಡಬೇಕಿತ್ತು, ಆದ್ರೆ ಬಿಗಿ ಅದಕ್ಕಿಂತ ಜಾಸ್ತಿ ಇಳಿಯೋದ್ರಿಂದ ಕೊನೆಗೆ ನಿಧಾನವೇ ಗೆಲ್ಲುತ್ತೆ.

ಹಾಗಾದ್ರೆ ಅಲೆ ನಿಧಾನ ಆದ ಕಡೆಯೆಲ್ಲ ನೀರಿದೆ ಅನ್ನಬಹುದಾ? ಅಷ್ಟು ಸುಲಭ ಇಲ್ಲ. ಬಿಸಿ ಜಾಸ್ತಿ ಇದ್ರೂ ಅಲೆ ನಿಧಾನ ಆಗುತ್ತೆ. ಮೇಲಾಗಿ ಲ್ಯಾಬ್‌ನಲ್ಲಿ ವಜ್ರದ ತುದಿಗಳ ಮಧ್ಯೆ ಇಟ್ಟು ಒತ್ತುತ್ತಾ ಹೋದ ಹಾಗೆ ನೀರು ಸೇರಿದ ಹರಳು ಒಣ ಹರಳಿಗಿಂತ ಬೇಗ ಬೇಗ ಗಟ್ಟಿಯಾಗುತ್ತೆ, ಇಬ್ಬರ ನಡುವಿನ ಅಂತರ ಕರಗುತ್ತಾ ಬರುತ್ತೆ. 660 ಕಿ.ಮೀ. ಆಳದಲ್ಲಿ ಒತ್ತಡ ನಮ್ಮ ಗಾಳಿ ಒತ್ತಡದ 2 ಲಕ್ಷ ಪಟ್ಟಿಗೂ ಜಾಸ್ತಿ, ಹಾಗಾಗಿ ಇಲ್ಲಿ ಮೇಜಿನ ಮೇಲೆ ಕಂಡ ವ್ಯತ್ಯಾಸ ಅಲ್ಲಿ ಪೂರ್ತಿ ಉಳಿದಿರಲ್ಲ. ಬಿಸಿನಾ ನೀರಾ ಅಂತ ಬಿಡಿಸೋಕೆ ನನಗೆ ಇಷ್ಟವಾದ ದಾರಿ ಒಂದಿದೆ: 410 ಕಿ.ಮೀ. ಆಳದಲ್ಲಿ ಈ ಖನಿಜಗಳ ಪದರ ಶುರುವಾಗೋ ಗಡಿ ಬಿಸಿ ಇದ್ದ ಕಡೆ ಕೆಳಗೆ ಸರಿಯುತ್ತೆ, ನೀರಿದ್ದ ಕಡೆ ಮೇಲೆ ಏರುತ್ತೆ. ಅಲೆ ವೇಗ, ಗಡಿ ಎರಡನ್ನೂ ಜೊತೆಗೆ ನೋಡಿದ್ರೆ ಊಹೆ ಸ್ವಲ್ಪ ಗಟ್ಟಿಯಾಗುತ್ತೆ.

ಕೈಗೆ ಸಿಕ್ಕ ಸಾಕ್ಷಿನೂ ಇದೆ. ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ ವಜ್ರವೊಂದರ ಒಳಗೆ ಕೂದಲಿನ ದಪ್ಪದಷ್ಟೇ ಇರೋ ರಿಂಗ್‌ವುಡೈಟ್ ಚೂರು ಇತ್ತು, 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅದರಲ್ಲಿ ತೂಕದ ಒಂದೂವರೆ ಪರ್ಸೆಂಟ್ ಹತ್ತಿರ ನೀರು. ಆದ್ರೆ ಅದು ಒಂದೇ ಚೂರು, 250 ಕಿ.ಮೀ. ದಪ್ಪದ ಇಡೀ ಪದರಕ್ಕೆ ಅದೇ ಲೆಕ್ಕ ಹಾಕೋಕಾಗಲ್ಲ.